ಚಿತ್ರಕಥೆ ಬರೆಯಬಯಸುವವರಿಗೆ ನಾಲ್ಕು ಮಾತು
(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಸಂಜೆ ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಕೆಲವರ ಕಿಸೆಯಲ್ಲಿ ಮಡಿಸಿದ ಹಾಳೆಗಳಿರುತ್ತವೆ. ವಿಚಾರಿಸಿದರೆ, “ಸಿನಿಮಾಕ್ಕೆ ಒಂದು ಕಥೆ ಬರೆದಿದ್ದೇನೆ, ಯಾರಿಗೆ ತೋರಿಸಲಿ?” ಎನ್ನುತ್ತಾರೆ. ಇನ್ನು ಕೆಲವರು ಇರುವ ಕೆಲಸವನ್ನೇ ಬಿಟ್ಟು ಸ್ಟುಡಿಯೋ ಬಾಗಿಲು ಕಾಯುವ ಮಾತಾಡುತ್ತಾರೆ. ಊರಿನಲ್ಲಿ ತಿಂಗಳ ಹಣವನ್ನು ಎದುರುನೋಡುವ ತಂದೆತಾಯಿಗಳಿರುವಾಗ ಇದು ಸಣ್ಣ ಮಾತಲ್ಲ. ಆದುದರಿಂದ ಈ ವಿದ್ಯೆಯನ್ನು ಕಲಿಯುವುದು ಹೇಗೆ, ಜೊತೆಗಾರರು ದೊರೆಯುವುದೆಲ್ಲಿ ಎಂಬೆರಡು ಪ್ರಶ್ನೆಗಳನ್ನು ಈ ದಿನ ಎತ್ತಿಕೊಂಡಿದ್ದೇವೆ. ನಾವು ಚಿತ್ರರಂಗದವರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಓದಿ ತಿಳಿದಷ್ಟನ್ನು ತಮ್ಮ ಮುಂದಿಡುತ್ತೇವೆ.

ಮೊದಲು, ಕಥೆಗೂ ಚಿತ್ರಕಥೆಗೂ ಇರುವ ಭೇದ. “ತಾಯಿಯ ಕಾಯಿಲೆಯ ಸುದ್ದಿ ಬಂದು ಅವನಿಗೆ ಊರಿಗೆ ಹೋಗಬೇಕೆನಿಸಿತು, ಆದರೆ ಹಣವಿರಲಿಲ್ಲ” ಎಂದು ಬರೆದರೆ ಕಥೆಗೆ ಸಾಕು. ತೆರೆಯ ಮೇಲೆ ‘ಅನಿಸಿತು’ ಎಂಬುದು ಕಾಣಿಸುವುದಿಲ್ಲ. ಅಲ್ಲಿ ಆ ಕಾರ್ಮಿಕನು ಪಾಳಿ ಮುಗಿಸಿ ಸ್ಟೇಷನ್ನಿಗೆ ಹೋಗಬೇಕು. ಟಿಕೇಟಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ಕೈಯಲ್ಲಿರುವ ನೋಟುಗಳನ್ನು ಎಣಿಸಬೇಕು, ಮತ್ತೊಮ್ಮೆ ಎಣಿಸಬೇಕು. ತನ್ನ ಸರದಿ ಬರುವ ಮುನ್ನವೇ ಸಾಲು ಬಿಟ್ಟು ಹೊರಗೆ ಬರಬೇಕು. ಒಂದು ಮಾತೂ ಇಲ್ಲದೆ ನೋಡುವವರಿಗೆ ಎಲ್ಲವೂ ತಿಳಿಯಿತಲ್ಲವೇ? ಕಣ್ಣಿಗೆ ಕಾಣುವುದನ್ನೂ ಕಿವಿಗೆ ಕೇಳುವುದನ್ನೂ ಬಿಟ್ಟು ಚಿತ್ರಕಥೆಯಲ್ಲಿ ಬೇರೇನೂ ನಿಲ್ಲುವುದಿಲ್ಲ.

ಇದನ್ನು ಕಲಿಸುವ ಶಾಲೆ ಇಲ್ಲವೇ ಎಂದರೆ, ಇದೆ. ಪುಣೆಯಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋ ಇದ್ದ ಆವರಣದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ನಮ್ಮ ಗಿರೀಶ ಕಾಸರವಳ್ಳಿಯವರು ಅಲ್ಲಿ ಕಲಿತವರೇ. ಆದರೆ ಅಲ್ಲಿನ ಪೂರ್ಣಾವಧಿಯ ಚಿತ್ರಕಥಾ ತರಗತಿಗೆ ಪದವಿ ಬೇಕು. ಮೆಟ್ರಿಕ್ ಮುಗಿಸಿ ಹೊಟ್ಟೆಪಾಡಿಗೆ ಹೊರಟ ನಮ್ಮಂಥವರು ಏನು ಮಾಡಬೇಕು?

ಇದಕ್ಕೆ ಸತ್ಯಜಿತ್ ರಾಯರ ಉದಾಹರಣೆ ನೋಡಬಹುದು. ಅವರು 1943ರಲ್ಲಿ ಕಲಕತ್ತೆಯ ಜಾಹೀರಾತು ಕಂಪನಿಯೊಂದರಲ್ಲಿ ಚಿತ್ರ ಬರೆಯುವ ನೌಕರಿಗೆ ಸೇರಿದರು. ಯಾವುದಾದರೂ ಪ್ರಸಿದ್ಧ ಕಾದಂಬರಿ ಚಲನಚಿತ್ರವಾಗಲಿದೆ ಎಂಬ ಸುದ್ದಿ ಬಂದರೆ, ಅದಕ್ಕೆ ತಾವೇ ಮೊದಲು ಒಂದು ಚಿತ್ರಕಥೆ ಬರೆದಿಡುತ್ತಿದ್ದರು. ಆಮೇಲೆ ಚಿತ್ರ ನೋಡಿ ಎರಡನ್ನೂ ಹೋಲಿಸುತ್ತಿದ್ದರು. ಇದಕ್ಕೆ ಫೀಜು ಇಲ್ಲ, ಗುರುವಿಲ್ಲ. ಕಾಗದ, ಪೆನ್ಸಿಲು, ತಾಳ್ಮೆ ಇದ್ದರಾಯಿತು. 1947ರಲ್ಲಿ ಅವರೂ ಚಿದಾನಂದ ದಾಸಗುಪ್ತರೂ ಇತರ ಗೆಳೆಯರೂ ಸೇರಿ ಕಲಕತ್ತಾ ಫಿಲ್ಮ್ ಸೊಸೈಟಿಯನ್ನು ಕಟ್ಟಿ, ಒಳ್ಳೆಯ ಚಿತ್ರಗಳನ್ನು ತರಿಸಿ ನೋಡಿ ಚರ್ಚಿಸಿದರು. 1955ರಲ್ಲಿ ತೆರೆಕಂಡ ‘ಪಥೇರ್ ಪಾಂಚಾಲಿ’ಯ ಮೊದಮೊದಲ ಚಿತ್ರೀಕರಣ ನಡೆದದ್ದು ಭಾನುವಾರ, ರಜಾದಿನಗಳಲ್ಲಿ. ಅವರು ನೌಕರಿ ಬಿಟ್ಟು ಬೀದಿಗೆ ಬಂದು ಕಲಿತವರಲ್ಲ.

ನಮ್ಮ ಭಾಷೆಯಲ್ಲೂ, ಅದೂ ಪರಊರಿನಲ್ಲಿ, ಹೀಗೆ ನಡೆದಿದೆ. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದರಾಸಿನಲ್ಲಿ ಪುಸ್ತಕ ಪ್ರಕಾಶನ ಸಂಸ್ಥೆಯೊಂದರ ಉದ್ಯೋಗದಲ್ಲಿದ್ದರು. ಅಲ್ಲಿನ ಹವ್ಯಾಸಿ ನಾಟಕ ತಂಡ ಮದ್ರಾಸ್ ಪ್ಲೇಯರ್ಸ್‌ನ ಗೆಳೆಯರ ನಡುವೆ ‘ಸಂಸ್ಕಾರ’ ಚಿತ್ರ ಹುಟ್ಟಿತು. ಅನಂತಮೂರ್ತಿಯವರ ಕಾದಂಬರಿಗೆ ಕಾರ್ನಾಡರು ಚಿತ್ರಕಥೆ ಬರೆದರು. ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದರು. 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಕನ್ನಡಕ್ಕೆ ಮೊದಲ ಬಾರಿ ಬಂದದ್ದು ಆ ಚಿತ್ರದಿಂದ. ಎಲ್ಲರೂ ಕಾರ್ನಾಡರಾಗುತ್ತಾರೆಂದು ನಾವು ಹೇಳುವುದಿಲ್ಲ. ಜೊತೆಗಾರರನ್ನು ಸ್ಟುಡಿಯೋ ಬಾಗಿಲಲ್ಲಿ ಹುಡುಕುವ ಮೊದಲು ಪಕ್ಕದ ಬೆಂಚಿನಲ್ಲಿ ಹುಡುಕಿರೆಂದಷ್ಟೇ ಹೇಳುತ್ತೇವೆ.

“ಗೆಳೆಯರಿಗೆ ಓದಿ ಹೇಳಿದರೆ ಕಥೆ ಕಳುವಾಗುವುದಿಲ್ಲವೇ?” ಎಂಬ ಅಂಜಿಕೆ ಹಲವರಿಗಿದೆ. ಕಾನೂನಿನ ಮಾತು ತಿಳಿದಿರಲಿ. ತಮ್ಮ ನಾಟಕವನ್ನು ನಕಲು ಮಾಡಿ ‘ನ್ಯೂ ಡೆಲ್ಲಿ’ ಚಿತ್ರ ತೆಗೆದಿದ್ದಾರೆಂದು ನಾಟಕಕಾರ ಆರ್. ಜಿ. ಆನಂದರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ತೀರ್ಪು ಕೊಟ್ಟಿತು. ಬರಿಯ ವಿಚಾರಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಬರೆದ ರೂಪಕ್ಕೆ ಮಾತ್ರ ಉಂಟು ಎಂಬುದು ಅದರ ಸಾರ. ಆನಂದರು ಸೋತರು. ಆದ್ದರಿಂದ ಬಾಯಲ್ಲಿ ಕಥೆ ಹೇಳುತ್ತ ತಿರುಗಬೇಡಿ. ಪೂರ್ತಿ ಬರೆಯಿರಿ, ತಾರೀಖು ಹಾಕಿರಿ. 1960ರಲ್ಲಿ ಟ್ರೇಡ್ ಯೂನಿಯನ್ ಆಗಿ ನೋಂದಣಿಯಾದ ಚಿತ್ರ ಲೇಖಕರ ಸಂಘ ಮುಂಬಯಿಯಲ್ಲಿದೆ. ಈಗ ಅದಕ್ಕೆ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಎಂದು ಹೆಸರು. ಹೊಸಬರೂ ಅದರ ಸದಸ್ಯರಾಗಿ ತಮ್ಮ ಬರಹವನ್ನು ನೋಂದಾಯಿಸಬಹುದು. ಇಂಥ ದಿನ ಈ ಬರಹ ನಿಮ್ಮಲ್ಲಿತ್ತು ಎಂಬುದಕ್ಕೆ ಅದೊಂದು ಸಾಕ್ಷಿ. ನಮ್ಮ ಹಾಗೆ ದುಡಿಯುವವರು ಕಟ್ಟಿದ ಯೂನಿಯನ್ನೇ ಅದು ಎಂಬುದನ್ನು ಮರೆಯಬಾರದು.

ಕೊನೆಯದಾಗಿ ಒಂದು ಸೂಚನೆ. ತಿಂಗಳಿಗೊಂದು ಭಾನುವಾರ, ಓದುಗರು ಎದ್ದ ಮೇಲೆ, ಈ ಕೊಠಡಿಯಲ್ಲೇ ಕೂಡೋಣ. ಮೊದಲು ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯನ್ನು ಎಲ್ಲರೂ ಓದಿ ಬರಲಿ. ಪಿಂಚಣಿಗಾಗಿ ಕಚೇರಿ ಅಲೆಯುವ ಬಡ ನೌಕರನ ಬಾಳು ನಮಗೆ ಅಪರಿಚಿತವಲ್ಲ. ಒಂದು ಸನ್ನಿವೇಶವನ್ನು ಪ್ರತಿಯೊಬ್ಬರೂ ಎರಡು ಪುಟದಲ್ಲಿ ಬರೆದು ತಂದು ಗಟ್ಟಿಯಾಗಿ ಓದಲಿ. ಕೇಳಿದವರು “ಚೆನ್ನಾಗಿದೆ” ಎಂದು ಸುಮ್ಮನಾಗದೆ, ಕಣ್ಣಿಗೆ ಏನು ಕಂಡಿತು, ಎಲ್ಲಿ ದಾರಿ ತಪ್ಪಿತು ಎಂದು ಹೇಳಲಿ. ಅದಾದ ಮೇಲೆ ಕಾಸರವಳ್ಳಿಯವರು 1986ರಲ್ಲಿ ಅದೇ ಕಥೆಯಿಂದ ಮಾಡಿದ ಚಿತ್ರವನ್ನು ನೋಡೋಣ. ಅವರು ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಬರುವವರು ಗ್ರಂಥಪಾಲರ ಬಳಿ ಹೆಸರು ಕೊಡಿರಿ. ಕೆಲಸಕ್ಕೆ ಮಾತ್ರ ರಾಜೀನಾಮೆ ಕೊಡಬೇಡಿರಿ.