ಅಲೆಗೂ ಸರ್ಕಾರದ ಮುದ್ರೆ
(ಯಾದಗಿರಿಯ ಸಭೆಯಲ್ಲಿ ಮಾಡಿದ ಭಾಷಣ)



ಮುದ್ರೆ ಬೀಳದ ತಕ್ಕಡಿಯಲ್ಲಿ ನಾವು ತೂಗುವಂತಿಲ್ಲ. ಹಾಗೆಯೇ ನಿಸ್ತಂತು ಯಂತ್ರವೂ ಪರೀಕ್ಷೆಯಾಗಿ, ಒಪ್ಪಿಗೆ ಪಡೆದೇ ಮಾರಾಟಕ್ಕೆ ಬರಬೇಕು. ಇದು ನ್ಯಾಯ. ಆದರೆ ಆ ಅಳತೆಗೋಲನ್ನು ಯಾರ ಅಂಗಡಿ ನೋಡಿ ಮಾಡಿದರು?

ವೈಫೈಗೆಂದು 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಲೈಸೆನ್ಸಿಲ್ಲದೆ ಬಿಡಲು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಕರಡು ನಿಯಮ ಪ್ರಕಟಿಸಿ, 30 ದಿನದೊಳಗೆ ಅಭಿಪ್ರಾಯ ಕೇಳಿತು. ಕಟ್ಟಡದ ಒಳಗೆ 1 ವ್ಯಾಟ್‌ವರೆಗೆ ಶಕ್ತಿ. ಹೊರಗಾದರೆ ಅದರ 40ರಲ್ಲಿ 1 ಪಾಲು. ಅದೇ ಅಲೆಗಳಲ್ಲಿ ಉಪಗ್ರಹದ ಕೆಲಸವೂ ನಡೆಯುವುದರಿಂದ ಈ ಕಟ್ಟು. ಇರಲಿ. ಶಹಾಪುರದ ತಗಡಿನ ಚಪ್ಪರದಂಗಡಿ ಒಳಗೋ, ಹೊರಗೋ? ಸುರಪುರದಲ್ಲಿ ಮೂರು ಕಡೆ ತೆರೆದ ಹತ್ತಿ ಗೋದಾಮು?

1997ರಲ್ಲಿ ವೈಫೈ ಮಾನಕ ಹೊರತಂದ ಐ.ಇ.ಇ.ಇ. 802 ಸಮಿತಿಯ ಇಂಜಿನಿಯರರು ಇಂಥ ಕರಡುಗಳಿಗೆ ದೇಶದೇಶದ ಸರ್ಕಾರಗಳಿಗೆ ಉತ್ತರ ಬರೆಯುತ್ತಾರೆ. ಕಂಪನಿಗಳು ಕೇಳದಿದ್ದರೂ ಬರೆಯುತ್ತವೆ! ನಮ್ಮ ಬೀದಿಗೆ ಕರಡು ಬರಲೇ ಇಲ್ಲ; ಅದು ಹಿಂದಿ, ಇಂಗ್ಲಿಷಿನಲ್ಲಿತ್ತು.

ಅಲೆಗಳು ಸಾರ್ವಜನಿಕ ಆಸ್ತಿಯೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಒಡೆಯರನ್ನು ಅವರ ಭಾಷೆಯಲ್ಲಿ ಕೇಳಬೇಡವೇ? ಮುಂದಿನ ಕರಡು ಕನ್ನಡದಲ್ಲೂ ಬರಲಿ, ತಗಡಿನಂಗಡಿಯಲ್ಲೂ ಪರೀಕ್ಷೆ ನಡೆಯಲಿ ಎಂದು ದೂರಸಂಪರ್ಕ ಇಲಾಖೆಗೆ ಮನವಿ ಬರೆದಿದ್ದೇವೆ. ಬಾಗಿಲ ಬಳಿ ಇಟ್ಟಿದೆ. ಹೋಗುವಾಗ ಸಹಿ ಹಾಕಿ.