ಪುಟಗಳನ್ನು ಪಕ್ಕಪಕ್ಕ ಇಟ್ಟು ಓದಿದ ಸ್ಟ್ರಾಸ್

ಐದು ರೊಟ್ಟಿ, ಎರಡು ಮೀನು. ಅಷ್ಟರಲ್ಲೇ ಯೇಸು ಐದು ಸಾವಿರ ಮಂದಿಯ ಹಸಿವು ನೀಗಿಸಿದ ಕಥೆಯನ್ನು ನಿಮ್ಮಲ್ಲಿ ಬಹಳಷ್ಟು ಜನ ಕೇಳಿದ್ದೀರಿ. ಇನ್ನೂರು ವರ್ಷಗಳ ಹಿಂದೆ ಜರ್ಮನಿಯ ವಿದ್ವಾಂಸರಲ್ಲಿ ಇದರ ಬಗ್ಗೆ ಎರಡು ಪಂಗಡ. ಇದು ಪವಾಡವೇ ಸರಿ ಎಂದು ಸಂಪ್ರದಾಯಸ್ಥರು. ಯೇಸು ತಮ್ಮ ಬುತ್ತಿ ಹಂಚಿದ್ದನ್ನು ಕಂಡು ಉಳಿದವರೂ ಗಂಟು ಬಿಚ್ಚಿದರು, ಅಷ್ಟೇ ಎಂದು ವಿಚಾರವಾದಿಗಳು. ಘಟನೆ ನಡೆದದ್ದಂತೂ ನಿಜ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಅನುಮಾನಪಟ್ಟವರು ಡೇವಿಡ್ ಫ್ರೀಡ್ರಿಕ್ ಸ್ಟ್ರಾಸ್.

ಸ್ಟ್ರಾಸ್ ಹುಟ್ಟಿದ್ದು 1808ರಲ್ಲಿ, ಲುಡ್ವಿಗ್ಸ್‌ಬರ್ಗ್ ಪಟ್ಟಣದಲ್ಲಿ. ಪಾದ್ರಿಯಾಗಲೆಂದು ಟ್ಯೂಬಿಂಗನ್‌ನಲ್ಲಿ ಓದಿದರು. ಮುಂದೆ ಮಂಗಳೂರಿಗೆ ಬಂದು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದೂ ಟ್ಯೂಬಿಂಗನ್‌ನಲ್ಲೇ. ತತ್ವಜ್ಞಾನಿ ಹೆಗೆಲ್ ಅವರ ಪಾಠ ಕೇಳುವ ಆಸೆಯಿಂದ ಸ್ಟ್ರಾಸ್ 1831ರಲ್ಲಿ ಬರ್ಲಿನ್‌ಗೆ ಹೋದರು. ಕೆಲವೇ ದಿನಗಳಲ್ಲಿ ಹೆಗೆಲ್ ತೀರಿಕೊಂಡರು. ಟ್ಯೂಬಿಂಗನ್‌ಗೆ ಮರಳಿ ಪಾಠ ಹೇಳುತ್ತಲೇ ಸ್ಟ್ರಾಸ್ ‘ಯೇಸುವಿನ ಜೀವನ’ ಬರೆದರು. 1835ರಲ್ಲಿ ಮೊದಲ ಸಂಪುಟ ಬಂದಾಗ ಅವರಿಗಿನ್ನೂ 27 ವರ್ಷ.

ಅವರು ಮಾಡಿದ್ದೇನು? ರೊಟ್ಟಿಯ ಕಥೆ ಬರುವ ಸುವಾರ್ತೆಯ ಪಕ್ಕಕ್ಕೆ ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ತೆರೆದಿಟ್ಟರು. ಅಲ್ಲಿ ಪ್ರವಾದಿ ಎಲೀಷ ಇಪ್ಪತ್ತು ಜವೆಗೋಧಿ ರೊಟ್ಟಿಗಳನ್ನು ನೂರು ಮಂದಿಗೆ ಬಡಿಸಲು ಹೇಳುತ್ತಾನೆ. ಇಷ್ಟು ಜನಕ್ಕೆ ಇದು ಸಾಲುವುದೇ ಎಂದು ಸೇವಕ ಅಳುಕುತ್ತಾನೆ. ಎಲ್ಲರೂ ಉಂಡ ಮೇಲೂ ಮಿಗುತ್ತದೆ. ಯೇಸುವಿನ ಶಿಷ್ಯರೂ ಹಾಗೆಯೇ ಅಳುಕುತ್ತಾರೆ, ಕೊನೆಗೆ ಹನ್ನೆರಡು ಬುಟ್ಟಿ ಮಿಗುತ್ತದೆ. ಬರಬೇಕಾದ ರಕ್ಷಕ ಮೋಶೆ, ಎಲೀಷರಂಥ ಹಳೆಯ ಪ್ರವಾದಿಗಳಿಗಿಂತ ಮಿಗಿಲಾಗಿರಬೇಕೆಂಬ ನಂಬಿಕೆ ಜನರಲ್ಲಿ ಮೊದಲೇ ಬೇರೂರಿತ್ತು. ಆ ನಂಬಿಕೆಯೇ ಬಾಯಿಂದ ಬಾಯಿಗೆ ಹರಿಯುತ್ತಾ ಕಥೆಯಾಯಿತು ಎಂದರು ಸ್ಟ್ರಾಸ್. ಇದನ್ನು ಅವರು ಮೋಸವೆನ್ನಲಿಲ್ಲ. ಒಂದು ಸಮುದಾಯ ತನಗರಿವಿಲ್ಲದೆಯೇ ಕಟ್ಟಿಕೊಂಡ ಪುರಾಣವೆಂದರು. ಯೇಸು ಎಂಬ ವ್ಯಕ್ತಿ ಬದುಕಿದ್ದರು ಎಂಬುದನ್ನೂ ಅಲ್ಲಗಳೆಯಲಿಲ್ಲ.

ಪುಸ್ತಕ ಹೊರಬಂದದ್ದೇ ತಡ, ಟ್ಯೂಬಿಂಗನ್‌ನ ಹುದ್ದೆ ಹೋಯಿತು. 1839ರಲ್ಲಿ ಜೂರಿಕ್ ವಿಶ್ವವಿದ್ಯಾಲಯ ಪ್ರಾಧ್ಯಾಪಕರಾಗಿ ಬನ್ನಿ ಎಂದು ಕರೆಯಿತು. ಜನ ತಿರುಗಿಬಿದ್ದರು. ಸ್ಟ್ರಾಸ್ ಒಂದು ದಿನವೂ ಪಾಠ ಮಾಡುವ ಮೊದಲೇ ಅಲ್ಲಿನ ಸರ್ಕಾರ ಅವರಿಗೆ ನಿವೃತ್ತಿವೇತನ ಗೊತ್ತುಮಾಡಿತು. ಆದರೂ ಸಿಟ್ಟು ತಣಿಯದೆ, ಅದೇ ಸೆಪ್ಟೆಂಬರಿನಲ್ಲಿ ಆ ಸರ್ಕಾರವೇ ಉರುಳಿತು. ಸ್ಟ್ರಾಸ್ ಮತ್ತೆಂದೂ ವಿಶ್ವವಿದ್ಯಾಲಯದ ಪೀಠ ಏರಲಿಲ್ಲ. ಬರವಣಿಗೆಯಲ್ಲಿ ತೊಡಗಿಕೊಂಡರು. 1874ರಲ್ಲಿ ಹುಟ್ಟೂರಿನಲ್ಲೇ ತೀರಿಕೊಂಡರು.

‘ಯೇಸುವಿನ ಜೀವನ’ವನ್ನು 1846ರಲ್ಲಿ ಇಂಗ್ಲಿಷಿಗೆ ತಂದವರು ಮುಂದೆ ಜಾರ್ಜ್ ಎಲಿಯಟ್ ಎಂದು ಹೆಸರಾದ ಕಾದಂಬರಿಕಾರ್ತಿ. ಶಿಲುಬೆಯ ಅಧ್ಯಾಯವನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವಾಗ ಅವರಿಗೆ ಸಂಕಟವಾಗುತ್ತಿತ್ತಂತೆ; ಮೇಜಿನೆದುರಿನ ಕ್ರಿಸ್ತನ ಮೂರ್ತಿಯನ್ನು ನೋಡಿಕೊಂಡು ಕೆಲಸ ಮುಂದುವರಿಸುತ್ತಿದ್ದರಂತೆ. ಪ್ರೀತಿಸಿದ್ದನ್ನು ಪರೀಕ್ಷೆಗೆ ಒಡ್ಡುವುದು ಸುಲಭವಲ್ಲ. ಆದರೂ ಇಂದು ಸುವಾರ್ತೆಗಳ ಶಾಸ್ತ್ರೀಯ ಅಧ್ಯಯನಕ್ಕೆ ಕೂತವರು, ಆಸ್ತಿಕರಿರಲಿ ನಾಸ್ತಿಕರಿರಲಿ, ಸ್ಟ್ರಾಸ್ ಅವರ ಹಾಗೆ ಎರಡು ಪುಟಗಳನ್ನು ಪಕ್ಕಪಕ್ಕ ತೆರೆದಿಟ್ಟುಕೊಂಡೇ ಓದುತ್ತಾರೆ.