ಬಸಿರಾದ ಬಾಲೆ ಮತ್ತು ಶಾಲೆಯ ಹಾಜರಿ ಪುಸ್ತಕ

 

ನಾನು ಪ್ರವಚನ ಮಾಡುವವನಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ಕಾರವಾರ, ಅಂಕೋಲಾ ಕಡೆ ಬಹಳ ವರ್ಷ ದುಡಿದು ನಿವೃತ್ತನಾದವನು. ರಸ್ತೆ, ಮೋರಿ, ಶಾಲೆಯ ಕೊಠಡಿ, ಇವೇ ನನ್ನ ಕಾಯಕ. ಇವತ್ತಿನ ಗೋಷ್ಠಿಗೆ ‘ಶಿಕ್ಷಣ ದಾಸೋಹ’ ಎಂಬ ವಿಷಯ ಕೊಟ್ಟಿದ್ದೀರಿ. ಅದರೊಳಗೆ ಯಾರೂ ಎತ್ತಲು ಇಷ್ಟಪಡದ ಒಂದು ಮಾತನ್ನು ಎತ್ತುತ್ತೇನೆ. ಶಾಲೆಗೆ ಹೋಗುವ ಹುಡುಗಿ ಬಸಿರಾದರೆ ಅವಳನ್ನು ಶಾಲೆಯಲ್ಲಿ ಉಳಿಸಿಕೊಳ್ಳಬೇಕೋ, ಬೇಡವೋ? ತಾಯಂದಿರು ಮುಂದೆ ಕುಳಿತಿದ್ದೀರಿ. ಮುಜುಗರವಾದರೂ ಸ್ವಲ್ಪ ಹೊತ್ತು ಕೇಳಿ.

ಇದು ನಮ್ಮ ಮನೆಯ ಮಾತಲ್ಲ ಎಂದು ಯಾರೂ ತಿಳಿಯಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಮಂದಿ ಆಗಲೇ ತಾಯಿಯಾಗಿದ್ದರು ಇಲ್ಲವೇ ಬಸಿರಾಗಿದ್ದರು. ಅದೇ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳ ಪೈಕಿ 18 ತುಂಬುವ ಮೊದಲೇ ಮದುವೆಯಾದವರು ನೂರಕ್ಕೆ 21. ಬಾಲ್ಯವಿವಾಹ ಅಸಿಂಧು ಎಂದು ನಮ್ಮ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದ ಮೇಲಿನ ಅಂಕಿ ಇದು.

2024ರ ಜನವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸರ್ಕಾರಿ ಹಾಸ್ಟೆಲಿನಲ್ಲಿದ್ದ ಒಂಬತ್ತನೆಯ ತರಗತಿಯ ಬಾಲಕಿಗೆ ಹೆರಿಗೆಯಾಯಿತು. 2025ರ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ, ಅದೂ ಒಂಬತ್ತನೆಯ ತರಗತಿಯ ಹುಡುಗಿಯೇ, ವಸತಿ ಶಾಲೆಯ ಶೌಚಾಲಯದಲ್ಲಿ ಹೆತ್ತಳು. ಪತ್ರಿಕೆಯಲ್ಲಿ ಬಂತು, ಅಧಿಕಾರಿಗಳು ಅಮಾನತಾದರು, ಒಂದು ವಾರ ಟಿ.ವಿ.ಯವರು ಕೂಗಿದರು. ನಾನು ಆ ಸುದ್ದಿ ಓದಿ ಯೋಚಿಸಿದ್ದು ಬೇರೆ. ಒಂಬತ್ತು ತಿಂಗಳು. ನೂರಾರು ಮಕ್ಕಳು, ಟೀಚರುಗಳು, ಅಡುಗೆಯವರು, ವಾರ್ಡನ್ನು ಇರುವ ಜಾಗದಲ್ಲಿ ಒಂದು ಹುಡುಗಿ ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ ಎಂದರೆ, ಬಾಯಿ ಬಿಟ್ಟರೆ ಏನಾಗುತ್ತದೆಂದು ನಮ್ಮ ಹೆಣ್ಣುಮಕ್ಕಳಿಗೆ ನಾವು ಏನು ಕಲಿಸಿದ್ದೇವೆ?

ಕಾನೂನಿನ ಮಾತು ಸ್ವಲ್ಪ ಹೇಳಿಬಿಡುತ್ತೇನೆ, ಇದರಲ್ಲಿ ಗೊಂದಲ ಬಹಳ. ಹದಿನೆಂಟರೊಳಗಿನ ಹುಡುಗಿ ಒಪ್ಪಿದ್ದಳು ಎಂಬುದಕ್ಕೆ 2012ರ ಪೋಕ್ಸೋ ಕಾಯ್ದೆಯಲ್ಲಿ ಬೆಲೆಯಿಲ್ಲ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಖ್ಯೋಪಾಧ್ಯಾಯರಾದರೂ ಸರಿ, ವೈದ್ಯರಾದರೂ ಸರಿ. ಮಗುವಿನ ಹೆಸರು ಹೊರಗೆ ಬರಬಾರದು. ಬೇಗ ಗೊತ್ತಾದರೆ, 2021ರ ತಿದ್ದುಪಡಿಯ ನಂತರ, ಇಂಥ ಮಕ್ಕಳಿಗೆ 24 ವಾರದವರೆಗೆ ಗರ್ಭ ತೆಗೆಸಿಕೊಳ್ಳುವ ದಾರಿಯೂ ಇದೆ. ತಡವಾದಷ್ಟೂ ಆ ದಾರಿ ಮುಚ್ಚುತ್ತ ಹೋಗುತ್ತದೆ. ಇನ್ನು ಶಾಲೆ. ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಹೊರಹಾಕುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಒಂಬತ್ತು, ಹತ್ತಕ್ಕೆ ಆ ಕಾಯ್ದೆಯ ಕೈ ಚಾಚುವುದಿಲ್ಲ. ಆದರೆ ಬಸಿರಾದವಳನ್ನು ಹೊರಗೆ ಕಳಿಸಿ ಎನ್ನುವ ಕಾನೂನೂ ಎಲ್ಲಿಯೂ ಇಲ್ಲ.

ಹಾಗಾದರೆ ಹುಡುಗಿಯರು ಶಾಲೆಯಿಂದ ಹೇಗೆ ಮಾಯವಾಗುತ್ತಾರೆ? ನಾನು ನಲವತ್ತು ವರ್ಷ ಸರ್ಕಾರಿ ಕಡತ ನೋಡಿದವನು, ಅದಕ್ಕೇ ಇದು ನನ್ನ ಕಣ್ಣಿಗೆ ಬಿತ್ತು. ಬಡಗಣ ಸೀಮೆಯಿಂದ ನಮ್ಮ ಕರಾವಳಿಗೆ ಗಾರೆ ಕೆಲಸಕ್ಕೆ ಬಂದು ನೆಲೆಸಿದ ಒಂದು ಕುಟುಂಬ. ಊರು, ವರ್ಷ ಹೇಳುವುದಿಲ್ಲ. ಮಗಳು ಹತ್ತನೆಯ ತರಗತಿ. ತಂದೆ ನನ್ನ ಹಳೆಯ ಪರಿಚಯದವನು, ಶಾಲೆಯಿಂದ ಕೊಟ್ಟ ಟಿ.ಸಿ. ಹಿಡಿದುಕೊಂಡು ಮನೆಗೆ ಬಂದ. ಶಾಲೆ ಬಿಡಲು ಕಾರಣ ಎಂಬ ಕಾಲಂ ಇರುತ್ತದಲ್ಲ, ಅದರಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು: ಪಾಲಕರ ಕೋರಿಕೆಯ ಮೇರೆಗೆ. “ನೀನು ಕೇಳಿದ್ಯಾ?” ಅಂದೆ. “ಕೇಳು ಅಂತ ಅವರ ಹೇಳಿದ್ರು ಸಾಹೇಬ್ರ, ಹೆಬ್ಬೆಟ್ಟು ಒತ್ತಿ ಬಂದ್ಯಾ” ಅಂದ. ಆಮೇಲೆ, “ಶಾಲಿ ಮಾತು ಬ್ಯಾಡ್ರೀ. ಎಲ್ಲ್ಯರ ಹೊಲಿಗಿ ಕ್ಲಾಸ್ ಇದ್ರ ಹೇಳ್ರಿ” ಅಂದ. ಪೊಲೀಸ್ ಕೇಸು ಅದರ ಪಾಡಿಗೆ ಅದು ನಡೆದಿತ್ತು. ಕಡತದಲ್ಲಿ ಯಾರೂ ಯಾರನ್ನೂ ಹೊರಹಾಕಿಲ್ಲ. ಹುಡುಗಿ ಮಾತ್ರ ಹೊರಗೆ.

ಈ ಕೋರಿಕೆಯ ಕಾಗದವೇ ನನ್ನ ಮಾತಿನ ಕೇಂದ್ರ. ಉಳಿಸಿಕೊಳ್ಳಬೇಕೋ ಎಂದು ನಾವು ಚರ್ಚೆ ಮಾಡುತ್ತಿರುವಾಗಲೇ ಕೋರಿಕೆ ಬರೆಸಿಕೊಂಡು ಕಳಿಸಿಬಿಟ್ಟಿರುತ್ತಾರೆ. ಆದ್ದರಿಂದ ಬಸಿರಿನ ಕಾರಣಕ್ಕೆ ಕೊಡುವ ಟಿ.ಸಿ. ಯಾರ ಕೋರಿಕೆಯ ಮೇಲಾದರೂ ನಿಲ್ಲಬೇಕು. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇರಬೇಕು. ರಜೆ ಬೇಕೇ, ರಜೆ ಬರೆಯಿರಿ. ಹೆಸರು ಹೊಡೆಯಬೇಡಿ.

ಲಿಂಗಾಯತರಾದ ನಮಗೆ ಇದರಲ್ಲಿ ಎರಡನೆಯ ಮಾತು ಹೇಗೆ ಬರುತ್ತದೆಂದು ನನಗೆ ತಿಳಿಯುವುದಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದೂ ಸೂತಕಗಳನ್ನು ಶರಣರು ತಳ್ಳಿಹಾಕಿದರು. ವರ್ಷಕ್ಕೊಮ್ಮೆ ಬಸವ ಜಯಂತಿಯಲ್ಲಿ ನಾವೇ ವೇದಿಕೆ ಹತ್ತಿ ಹೇಳುತ್ತೇವೆ. ಎಂಟನೆಯ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸಿಗೇ ಲಿಂಗ ಕೊಡುವ ಸಂಸ್ಕಾರ ನಮ್ಮದು. ಆ ಕೂಸು ಲಿಂಗಕ್ಕೆ ಅರ್ಹ, ಅದನ್ನು ಹೊತ್ತವಳು ಶಾಲೆಯ ಬೆಂಚಿಗೆ ಅನರ್ಹಳೇ? ಶಾಲೆಯಿಂದ ಅವಳನ್ನು ದೂರ ಇಡುವುದು ಶಿಸ್ತು ಅಲ್ಲ, ಅದು ಸೂತಕವೇ. ಹೆಸರು ಬದಲಾಗಿದೆ, ಅಷ್ಟೆ.

ಒಂದು ಹುಡುಗಿಯನ್ನು ನೋಡಿ ಉಳಿದವರು ಕೆಡುತ್ತಾರೆ ಎನ್ನುವವರಿದ್ದಾರೆ. ನಾನು ತಂದೆ, ಈಗ ಅಜ್ಜ. ಈ ಭಯ ನನಗೆ ಅರ್ಥವಾಗುತ್ತದೆ. ಆದರೆ ಹೊಟ್ಟೆ ಹೊತ್ತು, ವಾಂತಿ ಮಾಡುತ್ತ, ಲೆಕ್ಕದ ಪುಸ್ತಕ ಹಿಡಿದು ಕೂತ ಗೆಳತಿಯನ್ನು ನೋಡಿ ತನಗೂ ಹೀಗಾಗಲಿ ಎಂದು ಯಾವ ಹುಡುಗಿ ಆಸೆಪಟ್ಟಾಳು? ಕಾರಣನಾದವನ ಶಾಲೆ, ನೌಕರಿ ತಪ್ಪಿಸಬೇಕೆಂದು ಹೀಗೆ ಅವಸರ ಮಾಡಿದ್ದನ್ನು ನಾನಂತೂ ನೋಡಿಲ್ಲ. ಆಫ್ರಿಕಾದ ಸಿಯೆರಾ ಲಿಯೋನ್ ಬಸಿರಾದ ವಿದ್ಯಾರ್ಥಿನಿಯರಿಗೆ ಹಾಕಿದ್ದ ನಿಷೇಧವನ್ನು 2020ರಲ್ಲಿ, ತಾಂಜಾನಿಯಾ 2021ರಲ್ಲಿ ತೆಗೆದುಹಾಕಿದವು. ಅಲ್ಲಿ ನಿಷೇಧ ಬಹಿರಂಗವಾಗಿತ್ತು, ಎದುರಿಸಿ ತೆಗೆಸಿದರು. ನಮ್ಮದು ಕೋರಿಕೆಯ ಕಾಗದದಲ್ಲಿದೆ, ತೆಗೆಸುವುದು ಕಷ್ಟ.

ಇನ್ನು ಕೆಲವರು ಅಂಕೋಲಾದ ಉದಾಹರಣೆಯನ್ನೇ ಕೊಡುತ್ತಾರೆ. ಬಡಗೇರಿಯ ಸುಕ್ರಿ ಬೊಮ್ಮಗೌಡ, ಹೊನ್ನಳ್ಳಿಯ ತುಳಸಿ ಗೌಡ, ಇಬ್ಬರಿಗೂ ಎಳೆಯ ವಯಸ್ಸಿನಲ್ಲೇ ಮದುವೆ, ಇಬ್ಬರೂ ಶಾಲೆ ಕಲಿತವರಲ್ಲ, ಇಬ್ಬರಿಗೂ ಪದ್ಮಶ್ರೀ ಬರಲಿಲ್ಲವೇ ಎಂದು. ಬಂತು. ಆ ತಾಯಂದಿರಿಗೆ ಕೈ ಮುಗಿಯುತ್ತೇನೆ. ಆದರೆ ಆ ಇಬ್ಬರನ್ನು ತೋರಿಸಿ ಉಳಿದ ಸಾವಿರಾರು ಮಂದಿಯ ಶಾಲೆ ತಪ್ಪಿಸುವುದು ಎಲ್ಲಿಯ ನ್ಯಾಯ? ಇದೇ ಅಂಕೋಲಾದಲ್ಲಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಶಾಲೆಯ ಮುಖ ನೋಡದ ಬಡವರ ಮಕ್ಕಳಿಗೆ ಹೈಸ್ಕೂಲು ತೆರೆದರಲ್ಲ, ಅದನ್ನೂ ನೆನೆಯಬೇಕು.

2024ರ ಆಗಸ್ಟ್ 7ರ ರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು, ಒಂದು ಲಾರಿ ನೀರಿಗೆ ಬಿತ್ತು. ಮೀನುಗಾರರು, ಪೊಲೀಸರು ಸೇರಿ ಚಾಲಕನನ್ನು ಎತ್ತಿದರು. ರಾತ್ರಿ ಒಂದು ಗಂಟೆಗೆ ಸೇತುವೆ ಮೇಲೆ ಏಕೆ ಬಂದೆ ಎಂದು ಯಾರೂ ಕೇಳುತ್ತ ನಿಲ್ಲಲಿಲ್ಲ.

ಮಠಗಳಿಗೆ ನನ್ನ ಬಿನ್ನಹ ಇಷ್ಟು. ನಮ್ಮ ಮಠಗಳು ನಡೆಸುವ ಶಾಲೆಗಳಿವೆ, ಪ್ರಸಾದ ನಿಲಯಗಳಿವೆ. ಸರ್ಕಾರ ಆದೇಶ ಮಾಡಲಿ ಎಂದು ಕಾಯುವುದು ಬೇಡ. ಆಡಳಿತ ಮಂಡಳಿ ಒಂದು ಠರಾವು ಮಾಡಿದರೆ ಸಾಕು, ಬಸಿರು ಬಾಣಂತನದ ಕಾರಣಕ್ಕೆ ಯಾವ ವಿದ್ಯಾರ್ಥಿನಿಗೂ ಟಿ.ಸಿ. ಇಲ್ಲ ಎಂದು. ಪ್ರತಿ ಶಾಲೆಯಲ್ಲಿ ಹುಡುಗಿಯರು ಗುಟ್ಟು ಹೇಳಿಕೊಳ್ಳಬಹುದಾದ ಒಬ್ಬ ಶಿಕ್ಷಕಿ ಇರಲಿ, 1098 ಸಹಾಯವಾಣಿಯ ಅಂಕಿ ಗೋಡೆಯ ಮೇಲೆ ದೊಡ್ಡದಾಗಿ ಇರಲಿ. ಎಸ್ಸೆಸ್ಸೆಲ್ಸಿಗೆ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಮಾರ್ಚಿಯಲ್ಲಿ ಬಾಣಂತಿಯಾದವಳು ಮುಂದಿನ ಪರೀಕ್ಷೆಗೆ ಕೂರಬಹುದು. ಅದಕ್ಕೂ ಹೆಸರು ಪುಸ್ತಕದಲ್ಲಿರಬೇಕು, ಶೇಕಡಾ 75 ಹಾಜರಿಯ ಲೆಕ್ಕವನ್ನು ಮುಖ್ಯೋಪಾಧ್ಯಾಯರು ಮೊದಲೇ ಇಲಾಖೆಯೊಡನೆ ಮಾತಾಡಿ ಬಗೆಹರಿಸಬೇಕು.

ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ತಾಯಂದಿರು ಕೇಳುತ್ತೀರಿ, ಸರಿಯಾದ ಪ್ರಶ್ನೆ. ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿದ್ದಾರೆ. ಶಾಲೆಗೆ ಹೋಗುವ ತಾಯಿಯ ಕೂಸಿಗೂ ಅಲ್ಲಿ ಜಾಗ ಕೊಡಿ ಎಂದು ಪಂಚಾಯಿತಿಗೆ ಅರ್ಜಿ ಕೊಡೋಣ. ಕೊಡದಿದ್ದರೆ ಪ್ರಸಾದ ನಿಲಯದಲ್ಲಿ ಒಂದು ಕೋಣೆ, ಎರಡು ತೊಟ್ಟಿಲು, ನೋಡಿಕೊಳ್ಳಲು ಒಬ್ಬ ಅಜ್ಜಿ. ಕೋಣೆಯ ಎಸ್ಟಿಮೇಟ್ ನಾನು ಮಾಡಿಕೊಡುತ್ತೇನೆ, ಹಣ ಬೇಡ.